ಬೆಕ್ಕಿನ ಮರಿಯನ್ನು ಹೊಳೆ ದಾಟಿಸುವ ಶೂರರಿಗೆ...

"ಗೋಣಿಯಂಗ್ ಹಾಕಿ ಹೊಳಿ ದಾಟ್ಸಿ ಬಿಟ್ಟ್ ಬನ್ನಿ ಮಾರಾಯ್ರೆ, ಮತ್ತ್ ಬತ್ತಿಲ್ಲೆ!"

ಬೆಕ್ಕಿನ ಮರಿಯ ಉಪದ್ರ ಜಾಸ್ತಿಯಾಗಿದೆ ಅಂತ ನಮ್ಮ ವಂಡ್ಸೆಯಲ್ಲಿ ಯಾರ ಹತ್ತಿರ ಬಾಯಿಬಿಟ್ಟರೂ ಸಿಗುವ ಪುಕ್ಕಟೆ ಸಲಹೆ ಇದು. ಹೊಳೆಗೇನೂ ಬರವಿಲ್ಲ, ಚಕ್ರಾ ನದಿ ಊರ ಪಕ್ಕದಲ್ಲೇ ಹರಿಯುತ್ತದೆ. ಗೋಣಿಗಂತೂ ಬರವೇ ಇಲ್ಲ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿಡುವ ಮೊದಲು ಗೋಣಿಯನ್ನು ಮೂರು ಸುತ್ತು ತಿರುಗಿಸಬೇಕು, ಆಗ ಬೆಕ್ಕಿಗೆ ದಿಕ್ಕು ತಪ್ಪುತ್ತದೆ ಅಂತ ಶಾಸ್ತ್ರವನ್ನೂ ಹೇಳಿಕೊಡುತ್ತಾರೆ.

ಹೀಗೆ ಹೇಳುವವರು ಕೆಟ್ಟ ಜನ ಅಲ್ಲ. ಸಂಜೆ ದೀಪ ಹಚ್ಚುವವರು, ದನಕ್ಕೆ ಮೊದಲು ಬಡಿಸಿ ಆಮೇಲೆ ಉಣ್ಣುವವರು, ಕಷ್ಟ ಬಂದರೆ ಮಾರಣಕಟ್ಟೆಗೆ ಹರಕೆ ಹೇಳಿಕೊಳ್ಳುವವರು. ನನಗೆ ಸಿಟ್ಟು ಬರುವುದು ಅದಕ್ಕೇ. ಕೈಯಳತೆಯ ಒಂದು ಪ್ರಾಣಿಯನ್ನು ಚೀಲದಲ್ಲಿ ಕಟ್ಟಿ ಗೊತ್ತಿಲ್ಲದ ಊರಲ್ಲಿ ಬಿಸಾಡಿ ಬರುವುದು ಇವರಿಗೆ ಕಸ ಎಸೆದು ಬಂದಷ್ಟೇ ಸಲೀಸು. ಬಂದು ಕಾಲು ತೊಳೆದರೆ ಮುಗಿಯಿತು!

ಈ ಸಲಹೆ ಕೇಳಿ ಕೇಳಿ ಸಾಕಾಗಿದೆ. ಹಾಗಾಗಿ ಇವತ್ತು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ಮೊದಲು ಆರೋಪಪಟ್ಟಿ ನೋಡೋಣ. ನಮ್ಮ ಮನೆಯಲ್ಲೂ ಒಂದು ಮರಿ ಇದೆ, ನಾಲ್ಕು ತಿಂಗಳದ್ದು. ಅದರ ಸಾಧನೆಗಳು ಹೀಗಿವೆ: ಚಾವಡಿಯ ಕಿಟಕಿ ಪರದೆಯಲ್ಲಿ ಹದಿನೆಂಟು ತೂತು. ಸೋಫಾದ ಎಡಗೈ ಪೂರ್ತಿ ಹತ್ತಿಯಂಗಡಿ. ತುಳಸಿಕಟ್ಟೆಯ ಪಕ್ಕದ ಹೂಕುಂಡದ ಮಣ್ಣೆಲ್ಲ ಹೊರಗೆ. ದೇವರಿಗೆಂದು ತಂದ ಹೆಮ್ಮಾಡಿ ಸೇವಂತಿಗೆ ಬುಟ್ಟಿ ಉರುಳಿ ನೆಲಕ್ಕೆಲ್ಲ ಪುಷ್ಪಾರ್ಚನೆ. ಸೊಳ್ಳೆಪರದೆಯಲ್ಲಿ ಜೋಕಾಲಿ. ಮೊಬೈಲಿನ ಚಾರ್ಜರ್ ವಯರು ಎರಡು ತುಂಡು. ಇಷ್ಟಲ್ಲದೆ ಬೆಳಗಿನ ಜಾವ ನಾಲ್ಕೂವರೆಗೆ ಟೈಲ್ಸ್ ಮೇಲೆ ಕುದುರೆ ರೇಸು. ಉಪದ್ರ ಇಲ್ಲ ಅಂತ ನಾನು ಯಾವತ್ತೂ ವಾದಿಸುವುದಿಲ್ಲ. ಇದೆ, ಬೇಕಾದಷ್ಟಿದೆ.

ಆದರೆ ಒಂದು ಪ್ರಶ್ನೆ. ನಮ್ಮ ಅಜ್ಜಿಯರ ಕಾಲದಲ್ಲೂ ಮನೆಮನೆಯಲ್ಲಿ ಬೆಕ್ಕಿತ್ತು, ವರ್ಷಕ್ಕೆರಡು ಸಲ ಮರಿಯೂ ಹಾಕುತ್ತಿತ್ತು. ಆಗ "ಬೆಕ್ಕು ಮನೆ ಹಾಳು ಮಾಡಿತು" ಎಂಬ ದೂರು ಯಾಕೆ ಇಷ್ಟು ಕೇಳುತ್ತಿರಲಿಲ್ಲ? ಬೆಕ್ಕು ಬದಲಾಯಿತಾ?

ಬದಲಾದದ್ದು ಮನೆ ಸ್ವಾಮಿ! ಹಳೇ ಮನೆಯಲ್ಲಿ ಪರಚಲು ಮರದ ಕಂಬ ಇತ್ತು, ಯಾರೂ ಲೆಕ್ಕ ಇಡುತ್ತಿರಲಿಲ್ಲ. ಹತ್ತಲು ಅಟ್ಟ ಇತ್ತು. ಹೊರಳಾಡಲು ಹಟ್ಟಿಯ ಪಕ್ಕ ಹುಲ್ಲಿನ ಕುತ್ರಿ ಇತ್ತು. ಅಂಗಳದಲ್ಲಿ ಭತ್ತದ ತಿರಿ, ಒಳಗೆ ಅಕ್ಕಿಮುಡಿ, ಅದಕ್ಕೆ ಬರುವ ಇಲಿ. ಅಂದರೆ ಬೆಕ್ಕಿಗೆ ಮೂರು ಹೊತ್ತೂ ಕೈತುಂಬ ಕೆಲಸ. ಈಗ ಗದ್ದೆ ಹಡಿಲು ಬಿದ್ದಿದೆ, ಹಟ್ಟಿ ಕಾರ್ ಶೆಡ್ ಆಗಿದೆ, ಅಕ್ಕಿ ಪ್ಲಾಸ್ಟಿಕ್ ಚೀಲದಲ್ಲಿ ಅಂಗಡಿಯಿಂದ ಬರುತ್ತದೆ. ಮನೆ ತಾರಸಿಯದ್ದು, ನೆಲ ಟೈಲ್ಸ್, ಮಧ್ಯದಲ್ಲಿ ಒಂದು ಸೋಫಾ. ಇಂಥ ಮನೆಯಲ್ಲಿ ಪರಚಲು ಯೋಗ್ಯವಾದ ವಸ್ತು ಯಾವುದಿದೆ ಹೇಳಿ? ಸೋಫಾ ಒಂದೇ! ಮರಿ ಅದನ್ನೇ ಆರಿಸಿಕೊಂಡರೆ ಅದಕ್ಕೆ ಬುದ್ಧಿ ಇದೆ ಅಂತ ಅರ್ಥ :-)

ಬೆಕ್ಕು ಪರಚುವುದು ನಮ್ಮ ಮೇಲಿನ ದ್ವೇಷದಿಂದ ಅಲ್ಲ. ಪರಚಿದಾಗ ಉಗುರಿನ ಹೊರಗಿನ ಹಳೇ ಪೊರೆ ಕಳಚಿಹೋಗಿ ಒಳಗಿನ ಚೂಪು ಉಗುರು ಹೊರಬರುತ್ತದೆ. ಬೆನ್ನು, ಭುಜದ ಸ್ನಾಯು ಎಳೆದ ಹಾಗಾಗುತ್ತದೆ. ಪಾದದಡಿಯ ಗ್ರಂಥಿಗಳ ವಾಸನೆ ಅಲ್ಲಿ ಉಳಿದು "ಇದು ನನ್ನ ಜಾಗ" ಅಂತ ಗುರುತಾಗುತ್ತದೆ. ನಾವು ಬೆಳಿಗ್ಗೆ ಎದ್ದು ಮೈಮುರಿಯುವಷ್ಟೇ ಸಹಜ. ಬಿಡಿಸಲಿಕ್ಕೆ ಬರುವ ಚಟ ಇದಲ್ಲ. ಎಲ್ಲಿ ಪರಚಬೇಕು ಅನ್ನುವುದನ್ನು ಬದಲಿಸಬಹುದು, ಪರಚುವುದನ್ನೇ ನಿಲ್ಲಿಸಲು ಆಗುವುದಿಲ್ಲ.

ವಯರು ಕಚ್ಚುವುದಕ್ಕೂ ಕಾರಣ ಇದೆ. ಮೂರೂವರೆ ತಿಂಗಳಿಂದ ಆರು ತಿಂಗಳೊಳಗೆ ಅದರ 26 ಹಾಲುಹಲ್ಲು ಬಿದ್ದು 30 ಹೊಸ ಹಲ್ಲು ಬರುತ್ತವೆ. ಒಸಡು ತುರಿಸುತ್ತದೆ. ನಮ್ಮ ಪಾಪು ಹಲ್ಲು ಬರುವಾಗ ರಿಮೋಟ್ ಕಚ್ಚಿದರೆ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕುತ್ತೇವೆ. ಬೆಕ್ಕಿನ ಮರಿ ಕಚ್ಚಿದರೆ ಗೋಣಿ!

ಇನ್ನು ಬೆಳಗಿನ ಜಾವದ ರೇಸು. ಬೆಕ್ಕಿನ ಮೈಗಡಿಯಾರ ನಮ್ಮದರಂತೆ ಅಲ್ಲ, ಮುಂಜಾನೆ ಮತ್ತು ಮುಸ್ಸಂಜೆ ಅದರ ಬೇಟೆಯ ಹೊತ್ತು. "ಹೊಟ್ಟೆ ತುಂಬ ಹಾಕಿದ್ರೂ ಹಾರಾಡ್ತದೆ" ಅಂತ ದೂರುವವರಿಗೆ ಒಂದು ಮಾತು. ಬೆಕ್ಕಿನ ಬೇಟೆಯ ಹುಮ್ಮಸ್ಸಿಗೂ ಹಸಿವಿಗೂ ನೇರ ಸಂಬಂಧ ಇಲ್ಲ ಅಂತ ಜರ್ಮನಿಯ ಪಾಲ್ ಲೇಹೌಸೆನ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಬೆಕ್ಕುಗಳನ್ನು ಗಮನಿಸಿ ಕಳೆದ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಇಲಿ ಇಲ್ಲದ ಮನೆಯಲ್ಲಿ ಅದಕ್ಕೆ ಸಿಗುವ ಇಲಿ ಯಾವುದು? ನಿಮ್ಮ ಕಾಲ್ಬೆರಳು.

ಸರಿ, ಬುದ್ಧಿ ಕಲಿಸುತ್ತೇವೆ ಅಂತ ಹೊರಟವರ ಕಥೆ ನೋಡಿ. ತೆನಾಲಿ ರಾಮಕೃಷ್ಣನ ಬೆಕ್ಕು ನಿಮಗೆಲ್ಲ ಗೊತ್ತು. ಕೃಷ್ಣದೇವರಾಯ ಇಲಿ ಕಾಟಕ್ಕೆಂದು ಬೆಕ್ಕನ್ನೂ, ಅದಕ್ಕೆ ಹಾಲು ಬೇಕೆಂದು ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿತು. ಕಥೆ ಕೇಳಿ ನಾವೆಲ್ಲ ರಾಮಕೃಷ್ಣನ ಜಾಣತನಕ್ಕೆ ನಕ್ಕಿದ್ದೇವೆ. ಬೆಕ್ಕಿನ ಕಡೆಯಿಂದ ಯಾರಾದರೂ ಯೋಚಿಸಿದ್ದೀರಾ? ಅದು ಕಲಿತದ್ದು ಹಾಲಿನ ಭಯವನ್ನು ಮಾತ್ರ. ರಾಜನಿಗೆ ಬೇಕಾಗಿದ್ದ ಇಲಿ ಹಿಡಿಯುವ ಕೆಲಸ ಅದರಿಂದ ಒಂದಿಷ್ಟೂ ಆಗಲಿಲ್ಲ.

ಹೊಡೆದು, ಬೆದರಿಸಿ ಕಲಿಸುವ ಪಾಠದ ಹಣೆಬರಹವೇ ಇಷ್ಟು. ಸೋಫಾ ಹತ್ತಿರ ಪೆಟ್ಟು ಕೊಟ್ಟರೆ ಮರಿ "ಸೋಫಾ ಪರಚಬಾರದು" ಅಂತ ಕಲಿಯುವುದಿಲ್ಲ. "ಈ ಮನುಷ್ಯ ಇದ್ದಾಗ ಪರಚಬಾರದು" ಅಂತ ಕಲಿಯುತ್ತದೆ. ನೀವು ಪೇಟೆಗೆ ಹೋದ ಕೂಡಲೇ ಶುರು! ಜಾಸ್ತಿ ಹೊಡೆದರೆ ಬಾಲ ಸುಟ್ಟ ಬೆಕ್ಕಿನ ಹಾಗೆ ಒಂದು ಕಡೆ ನಿಲ್ಲದೆ ಓಡಾಡುತ್ತದೆ, ಹೆದರಿ ಮಂಚದಡಿ ಉಚ್ಚೆ ಹೊಯ್ಯುತ್ತದೆ. ಉಪದ್ರ ಒಂದಿದ್ದದ್ದು ಎರಡಾಯಿತು.

ಸೋಫಾಕ್ಕೆ ಮೆಣಸಿನ ಪುಡಿ ಎರಚುವವರು, ಮೂಲೆಗೆ ಫಿನಾಯಿಲ್ ಸುರಿಯುವವರು, ನುಸಿಗುಳಿಗೆ ಇಡುವವರೂ ಇದ್ದಾರೆ. ದಯವಿಟ್ಟು ಬೇಡ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಮುರಿದು ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಒದ್ದೆ ನೆಲದಲ್ಲಿ ನಡೆದು ಆ ಪಾದ ನೆಕ್ಕಿಕೊಂಡರೂ ವಿಷ. ನುಸಿಗುಳಿಗೆಯ ನ್ಯಾಫ್ತಲೀನ್ ರಕ್ತವನ್ನೇ ಕೆಡಿಸುತ್ತದೆ. ಹೊರದೇಶದ ವಿಡಿಯೋ ನೋಡಿ "ಉಗುರೇ ತೆಗೆಸಿಬಿಟ್ರೆ ಹೇಗೆ?" ಅಂತ ಕೇಳುವ ಮಹಾನುಭಾವರಿಗೂ ಒಂದು ವಿಷಯ ತಿಳಿದಿರಲಿ. ಅದು ಉಗುರು ಕತ್ತರಿಸುವುದಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು. ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು. ಉಗುರಿನ ಚೂಪು ತುದಿಯನ್ನು ಮಾತ್ರ, ಒಳಗಿನ ಗುಲಾಬಿ ಭಾಗಕ್ಕೆ ತಾಗದ ಹಾಗೆ, ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು.

ಹಾಗಾದರೆ ಏನು ಮಾಡಬೇಕು? ಬೈದು ಮುಗಿಸಿದರೆ ಸಾಲದು ಅಲ್ವೇ, ನಮ್ಮ ಮನೆಯಲ್ಲಿ ನಡೆಯುತ್ತಿರುವುದನ್ನು ಹೇಳುತ್ತೇನೆ.

ಒಂದು, ಮೂರಡಿ ಉದ್ದದ ಅಡಿಕೆ ಮರದ ತುಂಡು ತಗೊಳ್ಳಿ. ಅದಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ. ಅಲುಗಾಡದ ಹಾಗೆ ಒಂದು ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿ. ಅಲುಗಾಡಿದರೆ ಬೆಕ್ಕು ಅದರ ತಂಟೆಗೇ ಹೋಗುವುದಿಲ್ಲ. ಇದನ್ನು ಯಾವುದೋ ಮೂಲೆಯಲ್ಲಿ ಇಡಬೇಡಿ, ಪರಚಿಸಿಕೊಳ್ಳುತ್ತಿರುವ ಸೋಫಾದ ಪಕ್ಕದಲ್ಲೇ ಇಡಿ. ಸೋಫಾದ ಕೈಗೆ ಸ್ವಲ್ಪ ದಿನ ಎರಡೂ ಬದಿ ಅಂಟುವ ಟೇಪು ಹಚ್ಚಿ ಅಥವಾ ದಪ್ಪ ಪ್ಲಾಸ್ಟಿಕ್ ಹೊದಿಸಿ. ಅಲ್ಲಿ ಅಂಟು, ಇಲ್ಲಿ ಹಗ್ಗ. ಮರಿ ತಾನೇ ಆರಿಸಿಕೊಳ್ಳುತ್ತದೆ. ಪೇಟೆಯ ಅಂಗಡಿಯಲ್ಲಿ ಇದನ್ನೇ ಸಾವಿರಾರು ರೂಪಾಯಿಗೆ ಮಾರುತ್ತಾರೆ, ನಮ್ಮ ತೋಟದಲ್ಲಿ ಬಿದ್ದುಕೊಂಡಿದೆ. ಮತ್ತೆ, ಆ ಗೋಣಿ ಇದೆಯಲ್ಲ, ಅದನ್ನೂ ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ. ಅಡ್ಡಲಾಗಿ ಪರಚುವ ಮರಿಗಳಿಗೆ ಬಹಳ ಇಷ್ಟ. ಗೋಣಿಗೆ ಇದೇ ಒಳ್ಳೆಯ ಉಪಯೋಗ!

ಎರಡು, ಆಟ. ಉದ್ದದ ಕೋಲಿನ ತುದಿಗೆ ಬಟ್ಟೆ ತುಂಡು ಕಟ್ಟಿ ಸಂಜೆ ಹತ್ತು ನಿಮಿಷ, ಮಲಗುವ ಮೊದಲು ಹತ್ತು ನಿಮಿಷ ಓಡಿಸಿ. ಕೊನೆಗೆ ಹಿಡಿಯಲು ಬಿಡಿ, ಹಿಡಿದ ಕೂಡಲೇ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ. ಬೆಕ್ಕಿನ ದಿನಚರಿ ಇದೇ ಕ್ರಮದಲ್ಲಿ ನಡೆಯುತ್ತದೆ. ನಾಲ್ಕೂವರೆಯ ರೇಸು ಒಂದೇ ರಾತ್ರಿಗೆ ನಿಲ್ಲುವುದಿಲ್ಲ, ದಿನಾ ಹೀಗೆ ಮಾಡಿದರೆ ಕಡಿಮೆಯಾಗುತ್ತದೆ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಬರಿಗೈಯಲ್ಲಿ ಆಡಿಸಬೇಡಿ. ಇವತ್ತು ಮುದ್ದಾಗಿ ಕಚ್ಚಿದ್ದು ನಾಳೆ ರಕ್ತ ಬರಿಸುತ್ತದೆ. ಕಚ್ಚಿ ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ಮರಿಗೆ ರೇಬಿಸ್ ಲಸಿಕೆ ತಪ್ಪಿಸಬೇಡಿ. ಇದರಲ್ಲಿ ಉದಾಸೀನ ಬೇಡ.

ಮೂರು, ಊಟ. ಬರೀ ಮೊಸರನ್ನ ಹಾಕಿ "ಮೀನು ಕದೀತದೆ, ಕಳ್ಳ ಬೆಕ್ಕು" ಅಂದರೆ ಹೇಗೆ? ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಅಂಶವನ್ನು ಬೇಕಾದಷ್ಟು ತಯಾರಿಸಿಕೊಳ್ಳಲು ಬರುವುದಿಲ್ಲ, ಅದು ಮೀನು ಮಾಂಸದಿಂದಲೇ ಸಿಗಬೇಕು. ಟಾರಿನ್ ಇಲ್ಲದಿದ್ದರೆ ಬೆಕ್ಕಿನ ಅಕ್ಷಿಪಟ ಹಾಳಾಗುತ್ತದೆ ಅಂತ 1975ರಲ್ಲೂ, ಹೃದಯ ಹಿಗ್ಗಿ ಸೋಲುತ್ತದೆ ಅಂತ 1987ರಲ್ಲೂ ಸಂಶೋಧಕರು ತೋರಿಸಿದ್ದಾರೆ. ಉಪ್ಪು ಖಾರ ಹಾಕದೆ ಬೇಯಿಸಿದ ಎರಡು ಬೈಗೆ ಮೀನು, ಬೇಯಿಸಿದ ನೀರಿನ ಸಮೇತ ಅನ್ನಕ್ಕೆ ಕಲಸಿ ಹಾಕಿ. ಮೀನು ತಾರದ ಮನೆಯವರು ಬೆಕ್ಕಿನ ಆಹಾರದ ಪೊಟ್ಟಣ ತಂದಿಡಿ.

ನಾಲ್ಕು, ಮರಿಯನ್ನು ತಾಯಿಯಿಂದ ಬೇಗ ಕೀಳಬೇಡಿ. ಕಚ್ಚಿದರೆ ನೋವಾಗುತ್ತದೆ ಅಂತ ಮರಿ ಕಲಿಯುವುದು ಒಡಹುಟ್ಟಿದವರ ಜೊತೆ ಗುದ್ದಾಡಿಯೇ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ 5,726 ಬೆಕ್ಕುಗಳ ಮಾಹಿತಿ ಕಲೆಹಾಕಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರಕ್ಕೆ ಮೊದಲೇ ತಾಯಿ ಬಿಟ್ಟವುಗಳಲ್ಲಿ ಆಕ್ರಮಣದ ಸ್ವಭಾವ ಹೆಚ್ಚು ಕಂಡಿತು. ನಮ್ಮಲ್ಲಿ ಕಣ್ಣು ಬಿಟ್ಟದ್ದೇ ತಡ, "ನಮಗೊಂದು ಮರಿ" ಅಂತ ಚೀಲ ಹಿಡಿದುಕೊಂಡು ಬರುತ್ತಾರೆ. ಕಚ್ಚುವುದನ್ನು ನಾವೇ ಕಲಿಸಿ, ಕಚ್ಚಿತು ಅಂತ ನಾವೇ ಬಿಸಾಡುವುದು!

ಉಳಿದದ್ದು ಸಾಮಾನ್ಯ ಜ್ಞಾನ. ವಯರು ಪೈಪಿನೊಳಗೆ, ಹೂವು ಮುಚ್ಚಳದ ಡಬ್ಬಿಯಲ್ಲಿ, ಮಲಕ್ಕೆ ಒಂದು ಅಗಲ ಬೋಗುಣಿಯಲ್ಲಿ ಮರಳು. ಹೂಕುಂಡದ ಮಣ್ಣಿನ ಮೇಲೆ ನಾಲ್ಕು ದಪ್ಪ ಕಲ್ಲು. ಒಂದು ವರ್ಷ ಕಾಯಿರಿ, ಮರಿ ದೊಡ್ಡದಾದಂತೆ ಈ ಹಾರಾಟ ತಾನಾಗಿ ಇಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ವಾದ ಬರುತ್ತದೆ, ನನಗೆ ಗೊತ್ತು.

"ಬಂದ್ರಂಗೆ ಬಿಟ್ರೆ ಮೀನ್ ತಿನ್ಕಂಡ್ ಆರಾಮ ಇರತ್ತ್." ಗಂಗೊಳ್ಳಿ ಬಂದರಿನಲ್ಲಿ ಬೆಕ್ಕಿಗೆ ಸುಗ್ಗಿ ಅಂತ ಎಲ್ಲರ ನಂಬಿಕೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಏಪ್ರಿಲಿನಲ್ಲಿ ಹುಟ್ಟಿದ ಮರಿ ಪರದೆ ಹರಿಯುವ ಪ್ರಾಯಕ್ಕೆ ಬರುವುದು ಜುಲೈಯಲ್ಲಿ. ಅಂದರೆ ನೀವು ಗೋಣಿ ಹುಡುಕುವ ಹೊತ್ತಿಗೆ ಬಂದರಿನಲ್ಲಿ ದೋಣಿಗಳು ದಡಕ್ಕೆ ಬಂದಿವೆ, ಮೇಲಿಂದ ನಮ್ಮ ಕುಂದಾಪ್ರದ ಮಳೆ. ಬೇಟೆ ಕಲಿಯದ, ಅಲ್ಲಿಯ ದೊಡ್ಡ ಬೆಕ್ಕು ನಾಯಿಗಳ ಗುರುತಿಲ್ಲದ ಮೂರು ತಿಂಗಳ ಮರಿ ಅಲ್ಲಿ ಏನು ತಿನ್ನುತ್ತದೆ? ಇನ್ನು ಕೊಲ್ಲೂರು ರಸ್ತೆ ಬದಿಯಲ್ಲಿ ಬಿಟ್ಟು ಹೋಗುವವರ ಬಗ್ಗೆ ಹೇಳುವುದೇ ಬೇಡ. ಬೆಳಿಗ್ಗೆ ಆ ರಸ್ತೆಯಲ್ಲಿ ನಡೆದು ನೋಡಿ.

"ಮನ್ಷ್ರಿಗೇ ಗತಿ ಇಲ್ಲೆ, ನಿಮ್ದೊಂದ್ ಬೆಕ್ಕಿನ್ ಪುರಾಣ." ಹೌದು, ಮನುಷ್ಯರಿಗೆ ಕಷ್ಟ ಇದೆ. ಆದರೆ ಬೆಕ್ಕನ್ನು ಬಿಸಾಡಿದ ಯಾವ ಮನೆಯವರು ಆ ಉಳಿತಾಯದಲ್ಲಿ ಯಾವ ಮನುಷ್ಯನಿಗೆ ಗತಿ ಕಾಣಿಸಿದ್ದಾರೆ? ನಿಜವಾಗಿಯೂ ಸಾಕಲಾಗದವರು ಇರುತ್ತಾರೆ, ಮನೆಯಲ್ಲಿ ಉಬ್ಬಸದವರಿರಬಹುದು, ಹಾಸಿಗೆ ಹಿಡಿದವರಿರಬಹುದು. ಅಂಥವರು ಇಲಿ ಕಾಟ ಇರುವ ಮನೆಯೊಂದನ್ನು ಹುಡುಕಿ, ಕೇಳಿ, ಒಪ್ಪಿಸಿ ಕೊಡಲಿ. ಕೈಯಿಂದ ಕೈಗೆ ಕೊಡುವುದು ಬೇರೆ, ಕತ್ತಲಲ್ಲಿ ಬಿಟ್ಟು ಓಡುವುದು ಬೇರೆ.

"ಗಂಡ್ ಮರಿ ಆರೆ ಕೊಡಿ, ಹೆಣ್ ಮರಿ ಬ್ಯಾಡ." ಇದು ಎಲ್ಲಕ್ಕಿಂತ ದೊಡ್ಡ ಸತ್ಯ! ಸೋಫಾ, ಪರದೆ ಎಲ್ಲ ನೆಪ, ಗೋಣಿಗೆ ಮೊದಲು ಹೋಗುವುದು ಹೆಣ್ಣುಮರಿ. ಕಾರಣ, ನಾಳೆ ಮರಿ ಹಾಕುತ್ತದೆ. ಅದಕ್ಕೂ ದಾರಿ ಇದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಒಂಬತ್ತು ವಾರಕ್ಕೆ ಮರಿ. ಐದು ತಿಂಗಳ ಆಸುಪಾಸಿನಲ್ಲಿ ಪಶುವೈದ್ಯರಿಗೆ ತೋರಿಸಿ ಸಂತಾನಹರಣ ಮಾಡಿಸಿದರೆ ಮುಗಿಯಿತು. ಗಂಡಿಗೂ ಮಾಡಿಸಿ, ಅಲ್ಲಲ್ಲಿ ವಾಸನೆಯ ಉಚ್ಚೆ ಸಿಂಪಡಿಸುವುದು, ರಾತ್ರಿಯ ಕಾದಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಒಂದು ದಿನದ ಖರ್ಚು, ಜೀವಮಾನದ ಶಾಂತಿ.

ಕಾನೂನಿನ ಮಾತೂ ಕೇಳಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು ಅಪರಾಧ. ಆದರೆ ಮೊದಲ ಸಲದ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಅರ್ಧ ಕಿಲೋ ಬಂಗುಡೆಯೂ ಬರುವುದಿಲ್ಲ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ನೂರು ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಷ ಹಾಕಿದರೆ ಮಾತ್ರ ವಿಷಯ ಗಂಭೀರ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ ಐದು ವರ್ಷದವರೆಗೆ ಶಿಕ್ಷೆ ಇದೆ. ಐವತ್ತು ರೂಪಾಯಿ ದಂಡಕ್ಕೆ ಹೆದರಿ ಯಾರೂ ಗೋಣಿ ಕೆಳಗಿಡುವುದಿಲ್ಲ. ನಾಚಿಕೆಯಿಂದಾದರೂ ಇಡಬೇಕು. ಅದಕ್ಕೇ ಈ ಬರಹ.

ಕೊನೆಯದಾಗಿ, ನನ್ನನ್ನು ನಿಜವಾಗಿ ಕಾಡುವ ವಿಷಯ. ಬೆಕ್ಕಿನ ಮರಿಯನ್ನು ಮನೆಗೆ ತರುವುದು ಸಾಮಾನ್ಯವಾಗಿ ಮಕ್ಕಳು. ಹೆಸರಿಡುವುದು ಅವರು, ತಮ್ಮ ಬಟ್ಟಲಿನ ಹಾಲು ಕದ್ದು ಹಾಕುವುದು ಅವರು. ಹೊಳೆ ದಾಟಿಸುವುದು ದೊಡ್ಡವರು, ಅದೂ ಮಕ್ಕಳು ಶಾಲೆಗೆ ಹೋದಾಗ. ಸಂಜೆ ಬ್ಯಾಗ್ ಇಳಿಸಿದ ಮಗು "ಅಬ್ಬೀ, ಮರಿ ಎಲ್ಲಿತ್ತ್?" ಅಂತ ಕೇಳಿದರೆ "ಓಡಿ ಹೋಯ್ತ್" ಅನ್ನುತ್ತಾರೆ. ಮಗು ನಾಲ್ಕು ದಿನ ಬೇಲಿಬದಿಯಲ್ಲಿ ಕರೆಯುತ್ತದೆ. ಐದನೇ ದಿನ ಪಕ್ಕದ ಮನೆಯ ಹುಡುಗ ನಿಜ ಹೇಳುತ್ತಾನೆ. ಆ ದಿನ ಮಗು ಎರಡು ಸಂಗತಿ ಕಲಿಯುತ್ತದೆ. ಅಪ್ಪ ಅಮ್ಮ ಸುಳ್ಳು ಹೇಳುತ್ತಾರೆ. ಉಪದ್ರ ಕೊಟ್ಟವರನ್ನು ಮನೆಯಿಂದ ಬಿಸಾಡಬಹುದು. ಈ ಎರಡನೇ ಪಾಠ ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ಒಂದು ಕ್ಷಣ ಯೋಚನೆ ಮಾಡಿ. ಹರಿದ ಸೋಫಾವನ್ನು ಹೊಲಿಸಬಹುದು.

ನಿಮ್ಮೂರಲ್ಲೂ ಈ ಹೊಳೆ ದಾಟಿಸುವ ವೀರರು ಇದ್ದಾರಾ? ಮರಿಯ ಕಿತಾಪತಿಗೆ ನೀವು ಕಂಡುಕೊಂಡ ಉಪಾಯ ಏನು? ಬೇರೆ ಬೇರೆ ಊರಿನವರು ಓದುತ್ತೀರಿ, ಬರೆದು ತಿಳಿಸಿ. ಅಡಿಕೆ ಮರ ಸಿಗದ ಬೆಂಗಳೂರಿನವರು ಯಾವುದಕ್ಕೆ ಹಗ್ಗ ಸುತ್ತುತ್ತೀರಿ ಅನ್ನುವುದನ್ನೂ ಹೇಳಿ :-)